ಮೂರು ಕೂಗಿನ ನಿಲಯ

ನಾಚಿಕೆಪಡುವಂಥ ಪ್ರಸಂಗ ಸಾಮಾನ್ಯ ಮನುಷ್ಯನಿಗೆ ವರ್ಷಕ್ಕೊಂದೋ ಎರಡೋ ಬರುತ್ತದೆ. ದೂರದ ರೇಡಿಯೊ ಕೇಳುವ ಹುಚ್ಚು ಇರುವವನಿಗೆ ಪ್ರತಿ ಚಳಿಗಾಲವೂ ಬರುತ್ತಲೇ ಇರುತ್ತದೆ. ಸಾಕ್ಷಿಗಳಿರುವ ಪ್ರಸಂಗಗಳನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ಉಳಿದವನ್ನು ಯಾರೂ ನೋಡಿಲ್ಲ, ಹಾಗಾಗಿ ನಾನೂ ಮರೆತಿದ್ದೇನೆ.

ಹವ್ಯಾಸ ಏನೆಂದರೆ, ಸಾವಿರಾರು ಕಿಲೋಮೀಟರ್ ಆಚೆಯ ರೇಡಿಯೊ ನಿಲಯವನ್ನು ಇಂಟರ್ನೆಟ್ ಇಲ್ಲದೆ, ಬರೀ ಒಂದು ತಂತಿ ಮತ್ತು ಒಂದು ಪೆಟ್ಟಿಗೆಯಿಂದ ಹಿಡಿಯುವುದು. ಸಿಕ್ಕರೆ, ಏನೇನು ಕೇಳಿಸಿತು ಎಂದು ಆ ನಿಲಯಕ್ಕೆ ವರದಿ ಬರೆಯಬೇಕು. ಅವರು ‘ಹೌದು, ಅದು ನಾವೇ’ ಎಂದು ಕಾರ್ಡು ಕಳಿಸುತ್ತಾರೆ. ಅದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಇಷ್ಟೇ. ಫೋನಿನಲ್ಲಿ ಎರಡು ಸಲ ಒತ್ತಿದರೆ ಅದೇ ನಿಲಯ ಇನ್ನೂ ಚೆನ್ನಾಗಿ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳುವುದು ಸರಿ. ಅದಕ್ಕೇ ನಾನು ಆ ಚರ್ಚೆಗೆ ಹೋಗುವುದಿಲ್ಲ.

ನಾವಿರುವುದು ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಊರಿನಲ್ಲಿ. ನನ್ನದು ಸಾಫ್ಟ್‌ವೇರ್ ಕೆಲಸ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಎರಡೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಮೀಡಿಯಂ ವೇವ್ ದೂರ ಹೋಗುವುದು ಕತ್ತಲಲ್ಲೇ. ಇಲ್ಲಿ ಮೂರು ಗಂಟೆ ಎಂದರೆ ಕರ್ನಾಟಕದಲ್ಲಿ ರಾತ್ರಿ ಏಳೂವರೆ. ಎರಡೂ ಕಡೆ ಕತ್ತಲು. ಲೆಕ್ಕದ ಪ್ರಕಾರ ನಮ್ಮ ಕಡೆಯ ನಿಲಯ ಇಲ್ಲಿಗೆ ಬರಲೇಬೇಕು. ನನಗೆ ಬೇಕಿದ್ದುದು ಅದೊಂದೇ: ನನ್ನ ತಂತಿಯಲ್ಲಿ, ನನ್ನ ಪೆಟ್ಟಿಗೆಯಲ್ಲಿ, ಕನ್ನಡದ ಒಂದು ವಾಕ್ಯ. ಭಾವುಕತೆ ನನಗೆ ಆಗಿಬರುವುದಿಲ್ಲ. ಆದ್ದರಿಂದ ಇದು ತಾಂತ್ರಿಕ ಸವಾಲು ಎಂದು ಎಲ್ಲರಿಗೂ ಹೇಳಿದ್ದೆ.

ಗಂಡು ನೋಡುವ ಶಾಸ್ತ್ರ

ಯಾವ ರೇಡಿಯೊ ಕೊಳ್ಳಬೇಕೆಂದು ತೀರ್ಮಾನಿಸಲು ನಾನು ಹನ್ನೊಂದು ವಾರ ತೆಗೆದುಕೊಂಡೆ. ಎಕ್ಸೆಲ್ ಹಾಳೆ ಮಾಡಿದೆ. ಪಕ್ಕದ ನಿಲಯದ ಗಲಾಟೆಯನ್ನು ಎಷ್ಟು ತಡೆಯುತ್ತದೆ, ಕ್ಷೀಣ ಧ್ವನಿಯನ್ನು ಎಷ್ಟು ಹಿಡಿಯುತ್ತದೆ, ಎಲ್ಲಕ್ಕೂ ಅಂಕ ಕೊಟ್ಟೆ. ಮೊದಲ ಸ್ಥಾನ ಬಂದದ್ದು ಹದಿನೆಂಟು ಕಿಲೋ ತೂಕದ ಒಂದು ಹಳೆಯ ಪೆಟ್ಟಿಗೆಗೆ. ಹಳೆ ಸಾಮಾನು ಮಾರುವ ಜಾಲತಾಣದಲ್ಲಿ ಅದು ಸಿಕ್ಕೂ ಬಿಟ್ಟಿತು. ಮಾರುವವರು ಊರಾಚೆಯ ಕೆಂಪು ಮರದ ಮನೆಯಲ್ಲಿದ್ದ ಒಬ್ಬ ವೃದ್ಧರು. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮನಸ್ಸಿನಲ್ಲೇ ಅವರಿಗೆ ಕುಲುಮೆ ಅಜ್ಜ ಎಂದು ಹೆಸರಿಟ್ಟೆ.

ಹೋದ ತಕ್ಷಣ ಕೂರಿಸಿದರು. ಕಾಫಿ ಬಂತು, ನಾಲ್ಕು ಬಗೆಯ ಬಿಸ್ಕತ್ತು ಬಂತು. ರೇಡಿಯೊ ಮಾತ್ರ ಒಳಕೋಣೆಯಲ್ಲೇ ಇತ್ತು. ಬಾಗಿಲ ಸಂದಿಯಿಂದ ಅದರ ಒಂದು ಗುಂಡಿಯಷ್ಟೇ ಕಾಣುತ್ತಿತ್ತು.

“ಎಲ್ಲಿ ಕೆಲಸ?” ಎಂದರು. ಹೇಳಿದೆ.

“ಮನೆ ಸ್ವಂತದ್ದೋ?”

“ಅಪಾರ್ಟ್‌ಮೆಂಟು. ಬಾಡಿಗೆಗೆ.”

“ಎಷ್ಟನೇ ಮಹಡಿ?”

“ಎರಡನೇದು.”

“ಆಂಟೆನಾ ಎಲ್ಲಿ ಕಟ್ಟುತ್ತೀಯ?”

“ಬಾಲ್ಕನಿಯಲ್ಲಿ.”

ಅಜ್ಜ ಬಿಸ್ಕತ್ತಿನ ತಟ್ಟೆಯನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡರು. ನಾನು ಗಾಬರಿಯಲ್ಲಿ ಎಂ.ಟೆಕ್. ಓದಿದ್ದೇನೆ ಎಂದೆ. ಎಕ್ಸೆಲ್ ಹಾಳೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

“ಇದರಲ್ಲಿ ‘ಮನೆ’ ಅಂತ ಒಂದು ಕಾಲಂ ಇಲ್ಲವಲ್ಲ,” ಎಂದರು. “ಮೂವತ್ತು ವರ್ಷ ತೋಟದ ಮನೆಯಲ್ಲಿ ಇದ್ದ ರೇಡಿಯೊ ಇದು. ಬಾಲ್ಕನಿಗೆ ಕಳಿಸಲಾರೆ.”

ನನ್ನ ಮದುವೆ ಕಾಲದಲ್ಲಿ ಹುಡುಗಿಯ ಮನೆಯವರು ಕೂಡ ಇಷ್ಟು ಸ್ಪಷ್ಟವಾಗಿ ಇರಲಿಲ್ಲ. ಹೊರಡುವಾಗ ಅಜ್ಜ, ಮಕ್ಕಳ ಟಿಫಿನ್ ಡಬ್ಬಿಯಷ್ಟು ಸಣ್ಣ ರೇಡಿಯೊ ಒಂದನ್ನು ಕೈಗಿಟ್ಟರು. “ಇದರಲ್ಲಿ ಶುರು ಮಾಡು. ನಮ್ಮ ರೇಡಿಯೊ ಕ್ಲಬ್ಬಿಗೆ ಬಾ,” ಎಂದರು. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು: “ಏನಂದ್ರು?”

“ಒಪ್ಪಲಿಲ್ಲ,” ಎಂದೆ.

“ಅದರ ತಂಗೀನ ಕೊಟ್ಟು ಕಳಿಸಿದ್ರಾ?” ಎಂದಳು, ಟಿಫಿನ್ ಡಬ್ಬಿ ನೋಡಿ.

ನಾಲ್ಕು ಗಂಟೆಯ ಗೊರಗೊರ

ಮೊದಲ ಚಳಿಗಾಲ ನನಗೆ ಕೇಳಿಸಿದ್ದು ಒಂದೇ ನಿಲಯ: ಗೊರಗೊರ. ದಿನಾ ನಾಲ್ಕು ಗಂಟೆಗೆ ಸರಿಯಾಗಿ ಶುರುವಾಗಿ ಇಡೀ ಮೀಡಿಯಂ ವೇವನ್ನು ನುಂಗುತ್ತಿತ್ತು. ಇಂಥ ಗದ್ದಲ ಸಾಮಾನ್ಯವಾಗಿ ಅಗ್ಗದ ಎಲ್‌ಇಡಿ ದೀಪದಿಂದಲೋ ಚಾರ್ಜರಿನಿಂದಲೋ ಬರುತ್ತದೆ. ಸಣ್ಣ ರೇಡಿಯೊ ಹಿಡಿದು ಮೂಸಿದಂತೆ ಹುಡುಕಿದರೆ ಮೂಲ ಸಿಗುತ್ತದೆ. ನನ್ನ ಮನೆಯಲ್ಲಿ ಅಗ್ಗದ್ದು ಏನೂ ಇಲ್ಲ ಎಂಬ ಧೈರ್ಯದಲ್ಲಿ ಹುಡುಕಾಟವನ್ನು ಮೆಟ್ಟಿಲಿನಿಂದ ಶುರು ಮಾಡಿದೆ.

ಇಲ್ಲಿ ಅಕ್ಕಪಕ್ಕದವರ ಮೇಲೆ ಸಿಟ್ಟು ಬಂದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಬಟ್ಟೆ ಒಗೆಯುವ ಸಾರ್ವಜನಿಕ ಕೋಣೆಯಲ್ಲಿ ಚೀಟಿ ಅಂಟಿಸುತ್ತಾರೆ. ನಾನೂ ಅಂಟಿಸಿದೆ. ‘ನಾಲ್ಕು ಗಂಟೆಗೆ ಯಾರೋ ಏನೋ ಹಚ್ಚುತ್ತಿದ್ದೀರಿ. ದಯವಿಟ್ಟು ಪರಿಶೀಲಿಸಿ.’ ಕೆಳಗೆ ಯಾರೋ ಬರೆದರು: ‘ಏನು?’ ಅದರ ಕೆಳಗೆ ಇನ್ನೊಬ್ಬರು: ‘ನಾನಲ್ಲ.’

ಕೊನೆಗೆ ಕೆಳಮನೆಯ ಒಬ್ಬ ಅಜ್ಜಿ ತಾವೇ ಮೇಲೆ ಬಂದರು. ತಮ್ಮ ಮೀನಿನ ತೊಟ್ಟಿಯ ಮೇಲೆ ಅವರಿಗೇ ಅನುಮಾನ. ಸಂಜೆ ಅವರ ಮನೆಗೆ ಹೋದೆ. ಅವರು ಮೀನಿನ ತೊಟ್ಟಿ ಆರಿಸಿದರು. ಗೊರಗೊರ ನಿಲ್ಲಲಿಲ್ಲ. ಟಿವಿ, ಫ್ರಿಜ್, ಹಾಸಿಗೆ ಬಿಸಿ ಮಾಡುವ ಕಂಬಳಿ ಎಲ್ಲ ಆರಿಸಿದರು. ನಿಲ್ಲಲಿಲ್ಲ. ಕೊನೆಗೆ ಮೈನ್ ಸ್ವಿಚ್ಚನ್ನೇ ತೆಗೆದು, ಮೇಣದಬತ್ತಿ ಹಚ್ಚಿ, ಕಂಬಳಿ ಹೊದ್ದು ಕೂತರು. ಹೊರಗೆ ಮೈನಸ್ ಹದಿನಾಲ್ಕು. ನಾನು ಆ ಮೇಣದಬತ್ತಿಯ ಬೆಳಕಿನಲ್ಲಿ ರೇಡಿಯೊವನ್ನು ಅವರ ಸೀಲಿಂಗಿಗೆ ಹಿಡಿದೆ. ಗೊರಗೊರ ಜೋರಾಯಿತು. ಸೀಲಿಂಗಿನ ಮೇಲಿರುವುದು ನನ್ನ ಮನೆ.

ಮೂಲ ಸಿಕ್ಕಿದ್ದು ದೇವರ ಗೂಡಿನಲ್ಲಿ. ನಾಲ್ಕು ಗಂಟೆಗೆ ತಾನಾಗಿ ಹತ್ತುವ ಮಿಣುಕು ದೀಪದ ಸರ. ಊರಿಂದ ಬರುವಾಗ ಹೆಂಡತಿ ತಂದದ್ದು. ಮದುವೆಯಾದಾಗಿನಿಂದ ಆ ಗೂಡಿನ ಕಡೆ ನಾನು ತಿರುಗಿಯೂ ನೋಡಿದವನಲ್ಲ. ಅಲ್ಲಿ ಏನೂ ಇಲ್ಲ ಎಂದು ವಾದ ಮಾಡಿದವನು.

“ಹನ್ನೆರಡು ವರ್ಷದಿಂದ ಪುರಾವೆ ಕೇಳ್ತಿದ್ರಲ್ಲ ರೀ,” ಎಂದಳು ಹೆಂಡತಿ. “ನಿಮ್ಮ ರೇಡಿಯೊನೇ ಹೇಳ್ತಿದೆ ನೋಡಿ, ಒಳಗೆ ಏನೋ ಶಕ್ತಿ ಇದೆ.”

ಕಿತ್ತಳೆ ಟೋಪಿ

ಬಾಲ್ಕನಿಯಿಂದ ಪ್ರಯೋಜನವಿಲ್ಲ, ಕಾಡಿನಲ್ಲಿ ಉದ್ದ ತಂತಿ ಎಳೆದರೆ ದೂರದ್ದು ಸಿಗುತ್ತದೆ ಎಂದು ಕುಲುಮೆ ಅಜ್ಜ ಹೇಳಿದ್ದರು. ಎರಡನೆಯ ವರ್ಷದ ಶರತ್ಕಾಲದ ಒಂದು ಶನಿವಾರ, ಮುನ್ನೂರು ಮೀಟರ್ ತಂತಿಯನ್ನು ಪೈನ್ ಮರಗಳ ನಡುವೆ ಎಳೆದು, ಅದರ ತುದಿಯನ್ನು ಕಾರಿನೊಳಗೆ ತಂದು, ಹೆಡ್‌ಫೋನ್ ಹಾಕಿ ಕೂತೆ. ಅದು ಎಲ್ಕ್ ಎಂಬ ದೈತ್ಯ ಜಿಂಕೆಯ ಬೇಟೆಯ ಕಾಲ ಎಂಬುದು ಎಕ್ಸೆಲ್ ಹಾಳೆಯಲ್ಲಿ ಇರಲಿಲ್ಲ.

ಅರ್ಧ ಗಂಟೆಯಲ್ಲಿ ಕಾರಿನ ಗಾಜು ಯಾರೋ ತಟ್ಟಿದರು. ಇಳಿಸಿದೆ. ಹೆಗಲಲ್ಲಿ ಕೋವಿ, ಕೈಯಲ್ಲಿ ನನ್ನ ತಂತಿ. ಯಾರೋ ಕಳ್ಳತನದಲ್ಲಿ ಉರುಳು ಹಾಕಿದ್ದಾರೆ ಎಂದು ಅನುಮಾನಪಟ್ಟು ಆ ಬೇಟೆಗಾರ ಮುನ್ನೂರು ಮೀಟರ್ ಹಿಂಬಾಲಿಸಿ ಬಂದಿದ್ದ.

“ಏನು ಮಾಡ್ತಾ ಇದೀಯ?”

“ಕೇಳ್ತಾ ಇದೀನಿ.”

“ಏನನ್ನ?”

“ಇರಾನ್ ಇರಬೇಕು.”

ಅವನು ಸುತ್ತ ಕಾಡನ್ನು ನೋಡಿದ. “ಏನು ಹೇಳ್ತಿದಾರೆ?”

“ಭಾಷೆ ಬರೋದಿಲ್ಲ.”

ಅವನು ತನ್ನ ತಲೆಯ ಕಿತ್ತಳೆ ಟೋಪಿ ತೆಗೆದು ನನ್ನ ತಲೆಗೆ ಹಾಕಿದ. ಬೇಟೆಯ ಕಾಲದಲ್ಲಿ ಮನುಷ್ಯರು ಇದನ್ನು ಹಾಕಿಕೊಳ್ಳಬೇಕಂತೆ.

“ಯಾಕೆ?” ಎಂದೆ.

“ಬೇರೆಯವರಿಗೆ ಇದು ಎಲ್ಕ್ ಅಲ್ಲ ಅಂತ ಗೊತ್ತಾಗೋಕೆ,” ಎಂದ. ಹೋಗುವ ಮುಂಚೆ ಮತ್ತೊಮ್ಮೆ ಕಿಟಕಿಯೊಳಗೆ ಬಗ್ಗಿ ನೋಡಿದ. “ಎಲ್ಕ್ ಆದ್ರೆ ಇಷ್ಟು ಹೊತ್ತು ಒಂದೇ ಕಡೆ ಕೂರ್ತಿರಲಿಲ್ಲ.”

ಸಾಕ್ಷಿ ಎಲ್ಲಿದೆ?

ಕ್ಲಬ್ಬಿನಲ್ಲಿ ಒಂಬತ್ತು ಜನ. ನನ್ನನ್ನು ಬಿಟ್ಟರೆ ಎಲ್ಲರೂ ನಿವೃತ್ತರು. ತಿಂಗಳಿಗೊಮ್ಮೆ ಗ್ರಂಥಾಲಯದ ಕೋಣೆಯಲ್ಲಿ ಸೇರಿ, ಯಾರು ಏನು ಕೇಳಿದರು ಎಂದು ಸರದಿಯಂತೆ ಹೇಳುತ್ತಾರೆ. ಉಳಿದವರು “ಯಾ”, ಅಂದರೆ ಹೌದು, ಎನ್ನುತ್ತಾರೆ. ಕಾಫಿ, ದಾಲ್ಚಿನ್ನಿ ಬನ್ನು. ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ. ನನಗದು ಭಜನಾ ಮಂಡಳಿಯ ಹಾಗೆ ಕಂಡಿತು.

ಆ ಚಳಿಗಾಲದ ಒಂದು ಸಭೆಯಲ್ಲಿ ಕುಲುಮೆ ಅಜ್ಜ, ಪೆರುವಿನ ಬೆಟ್ಟದ ಮೇಲಿನ ಒಂದು ಪುಟ್ಟ ನಿಲಯವನ್ನು ಕೇಳಿದ್ದಾಗಿ ಹೇಳಿದರು. ಎಲ್ಲರೂ “ಯಾ” ಎಂದರು. ನಾನು ಕೈ ಎತ್ತಿದೆ.

“ರೆಕಾರ್ಡಿಂಗ್ ಇದೆಯಾ?”

“ಇಲ್ಲ.”

“ಮತ್ತೆ ಹೇಗೆ ನಂಬೋದು?”

“ಕೇಳಿಸ್ತು,” ಎಂದರು ಅಜ್ಜ.

ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಮನುಷ್ಯನಿಗೆ ಏನು ಬೇಕೋ ಅದೇ ಕೇಳಿಸುತ್ತದೆ, ಗದ್ದಲದಲ್ಲಿ ಕಿವಿ ಅರ್ಥ ಹುಟ್ಟಿಸುತ್ತದೆ, ಹಂಬಲ ಇದ್ದಲ್ಲಿ ಪುರಾವೆಯ ಗುಣಮಟ್ಟ ಇಳಿಯುತ್ತದೆ, ಇತ್ಯಾದಿ. ಕೊನೆಗೆ ಒಂದು ನಿಯಮವನ್ನೂ ಸೂಚಿಸಿದೆ: ಇನ್ನು ಮೇಲೆ ರೆಕಾರ್ಡಿಂಗ್ ಬೇಕು, ಧ್ವನಿ ಹೊರಡಿಸಿದವರ ಲಿಖಿತ ದೃಢೀಕರಣವೂ ಬೇಕು, ಎರಡೂ ಇಲ್ಲದೆ ಯಾವುದೂ ಕ್ಲಬ್ಬಿನ ಪುಸ್ತಕಕ್ಕೆ ಹೋಗಕೂಡದು. ಯಾರೂ ಬೇಡ ಎನ್ನಲಿಲ್ಲ. ಇಲ್ಲಿ ಬೇಡ ಎನ್ನುವುದಿಲ್ಲ. ನಿಯಮ ಜಾರಿಯಾಯಿತು. ಅಜ್ಜ ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿ ಜೇಬಿಗಿಟ್ಟರು.

ಮುಂದಿನ ತಿಂಗಳು ಅವರು ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಇಟ್ಟರು. ಪೆರುವಿನ ನಿಲಯದ ಕಾರ್ಡು. ಸಹಿ, ಮೊಹರು, ಮೂಲೆಯಲ್ಲಿ ಒಂದು ಕುರಿಯ ಚಿತ್ರ. ನಾನು ಕೇಳಿದ್ದ ಪ್ರತಿಯೊಂದು ವಿವರವೂ ಅದರಲ್ಲಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಬನ್ನಿನ ತಟ್ಟೆ ಮುಂದೆ ಸರಿಸಿದರು.

“ತಗೋ,” ಎಂದರು. “ಇದು ಬನ್ನು. ಬೇಕಿದ್ರೆ ಮೊದಲು ಪರೀಕ್ಷೆ ಮಾಡು.”

ಮಹಿಳಾ ಧ್ವನಿ, ಒಂದು ಪದ

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ದಾವಣಗೆರೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಗಣಿತ ಹೇಳಿಕೊಟ್ಟು ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ಪ್ರತಿ ಭಾನುವಾರ ಇಲ್ಲಿನ ಮೂರು ಗಂಟೆಗೆ ಅವರಿಂದ ವಿಡಿಯೊ ಕರೆ. ವಿಡಿಯೊ ಕರೆ ಎಂದರೆ ನಮ್ಮ ಮನೆಯಲ್ಲಿ ಮಾತಾಡುವುದೇ ಆಗಬೇಕೆಂದಿಲ್ಲ. ಎರಡೂ ಕಡೆಯ ಅಡುಗೆಮನೆಯನ್ನು ಎರಡು ಗಂಟೆ ತೆರೆದಿಡುವುದು. ಅವರು ಅಲ್ಲಿ ಸಾರಿಗೆ ಇಡುತ್ತಾರೆ, ಇವಳು ಇಲ್ಲಿ ಈರುಳ್ಳಿ ಹೆಚ್ಚುತ್ತಾಳೆ. ಮಧ್ಯೆ ನಾನು ಕಂಡರೆ “ಚಳಿ ಎಷ್ಟಿದೆ ಅಳಿಯಂದಿರೇ?” ಎನ್ನುತ್ತಾರೆ. ಇಂಟರ್ನೆಟ್ಟಿನಲ್ಲಿ ಸಿಗುವ ಮಾಹಿತಿಯನ್ನು ನನ್ನಿಂದ ಯಾಕೆ ಕೇಳಬೇಕು? ಆದ್ದರಿಂದ ಮೂರು ಗಂಟೆ ಆಗುತ್ತಲೇ ನಾನು ರೇಡಿಯೊ ಇರುವ ಪಕ್ಕದ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಈ ಚಳಿಗಾಲದ ಒಂದು ಭಾನುವಾರ, ಮೂರು ಗಂಟೆ ದಾಟಿ ಹತ್ತು ನಿಮಿಷಕ್ಕೆ, ಗದ್ದಲದ ಒಳಗಿನಿಂದ ಕನ್ನಡ ಬಂತು.

ಮೊದಲು ಪ್ರದೇಶ ಸಮಾಚಾರದ ಧಾಟಿ. ಆಮೇಲೆ ಸ್ಪಷ್ಟವಾಗಿ ನಿಲಯದ ಹೆಸರು. ರೆಕಾರ್ಡಿಂಗ್ ಕೇಬಲ್ ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಫೋನನ್ನೇ ರೇಡಿಯೊ ಮುಂದೆ ಹಿಡಿದು ರೆಕಾರ್ಡ್ ಮಾಡಿದೆ. ರೇಡಿಯೊದ ಗುಂಡಿ ಮುಟ್ಟಲಿಲ್ಲ. ಮುಟ್ಟಿದರೆ ಹೋದೀತು ಎಂಬ ಭಯ. ನಾಲ್ಕು ನಿಮಿಷದ ನಂತರ ಧ್ವನಿ ತಟ್ಟನೆ ನಿಂತಿತು. ಕಣ್ಣಲ್ಲಿ ನೀರು ಬಂದಿರಲಿಲ್ಲ ಎಂದು ಬರೆಯಬಹುದಿತ್ತು, ಸಾಕ್ಷಿ ಯಾರೂ ಇರಲಿಲ್ಲ.

ವರದಿಯನ್ನು ಕ್ರಮಬದ್ಧವಾಗಿ ಬರೆದೆ. ‘ಸಮಾಚಾರ, ಪುರುಷ ಧ್ವನಿ. ನಿಲಯದ ಹೆಸರು. ನಂತರ ಮೂರು ತೀಕ್ಷ್ಣ ಶಿಳ್ಳೆ, ಮೂಲ ತಿಳಿಯದು. ಕೊನೆಯಲ್ಲಿ ಮಹಿಳಾ ಧ್ವನಿ, ಒಂದು ಪದ, ಉದ್ಗಾರದಂತಿದೆ, ಬಹುಶಃ ನಾಟಕ.’ ಒಂದು ಪ್ರತಿ ನಿಲಯಕ್ಕೆ, ಒಂದು ಕ್ಲಬ್ಬಿಗೆ.

ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ರೆಕಾರ್ಡಿಂಗ್ ಕೇಳಿಸುವುದೆಂದಾಯಿತು. ಅಂದು ಹೆಂಡತಿಗೆ ಕೆಲಸವಿತ್ತು. ಎಂಟು ವರ್ಷದ ಮಗಳನ್ನೂ ಕರೆದೊಯ್ದೆ. ಅಪ್ಪನ ಗೌರವವನ್ನು ಮಗು ಕಣ್ಣಾರೆ ನೋಡಲಿ ಎಂಬ ಆಸೆ ಇರಲಿಲ್ಲ ಎನ್ನಲಾರೆ. ಅವಳು ಮೂಲೆಯಲ್ಲಿ ಬನ್ನು ತಿನ್ನುತ್ತ ಕೂತಳು. ದೊಡ್ಡ ಸ್ಪೀಕರಿನಲ್ಲಿ ರೆಕಾರ್ಡಿಂಗ್ ಹಾಕಿದೆ. ಎಂಟು ಜನ ವೃದ್ಧರು ಕಣ್ಣು ಮುಚ್ಚಿ ಕೇಳಿದರು. ಕನ್ನಡ ಬಂದಾಗ ಕುಲುಮೆ ಅಜ್ಜ ನನ್ನ ಕಡೆ ನೋಡಿ ತಲೆಯಾಡಿಸಿದರು. ಮೂರು ಶಿಳ್ಳೆ ಬಂತು.

“ಎರಡು ನಿಲಯ ಒಂದರ ಮೇಲೊಂದು ಬಂದಿವೆ,” ಎಂದರು ಒಬ್ಬರು.

“ಅಲ್ಲ, ಅದು ಹಡಗಿನದು,” ಎಂದರು ಇನ್ನೊಬ್ಬರು.

“ಗಂಟೆ ಹೇಳುವ ಸಂಕೇತ ಇರಬಹುದು. ಇಂಡಿಯಾದಲ್ಲಿ ಮೂರು ಹೊಡೆಯುತ್ತಾರೇನೋ,” ಎಂದರು ಕಾರ್ಯದರ್ಶಿ, ಮತ್ತು ಬರೆದುಕೊಂಡರು.

ಮೂಲೆಯಿಂದ ಮಗಳು ಸ್ವೀಡಿಷ್‌ನಲ್ಲಿ, ಬಾಯಲ್ಲಿ ಬನ್ನು ಇಟ್ಟುಕೊಂಡೇ ಹೇಳಿದಳು: “ಅದು ಅಜ್ಜಿಯ ಕುಕ್ಕರ್.”

ನಾನು ನಕ್ಕು, ಮಕ್ಕಳು ಏನೇನೋ ಹೇಳುತ್ತಾರೆ ಎಂಬರ್ಥದ ಮುಖ ಮಾಡಿದೆ.

“ಹೌದು,” ಎಂದಳು ಅವಳು. “ಈಗ ಅಜ್ಜಿ ‘ಅಯ್ಯೋ’ ಅಂತಾರೆ ನೋಡಿ.”

ಸ್ಪೀಕರಿನಿಂದ ನನ್ನ ಅತ್ತೆ, ದಾವಣಗೆರೆಯ ಅಡುಗೆಮನೆಯಿಂದ, ಇಡೀ ಸ್ಯಾಂಡ್‌ವಿಕೆನ್ ರೇಡಿಯೊ ಕ್ಲಬ್ಬಿಗೆ ಕೇಳಿಸುವಂತೆ “ಅಯ್ಯೋ!” ಎಂದರು.

ಎಲ್ಲ ಒಟ್ಟಿಗೆ ನೆನಪಾಯಿತು. ಆ ಭಾನುವಾರ ಬಟ್ಟೆ ಒಗೆಯಲು ನಮ್ಮ ಸರದಿ. ಹೆಂಡತಿ ಟ್ಯಾಬ್ಲೆಟ್ಟನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ಚಿತ್ರ ಬಿಡಿಸುತ್ತಿದ್ದ ಮಗಳ ಎದುರು ಕರೆ ಹಾಗೇ ಬಿಟ್ಟು, ಕೆಳಗೆ ಹೋಗಿದ್ದಳು. ಅದೇ ತೆಳ್ಳನೆ ಗೋಡೆಯ ಈಚೆ ನನ್ನ ಮೇಜು. ಅತ್ತೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಸಮಾಚಾರ ಕೇಳುತ್ತಾರೆ. ಇವಳು ಹಿಂತಿರುಗಿ ಟ್ಯಾಬ್ಲೆಟ್ ಕೈಗೆತ್ತಿಕೊಂಡು ಹಾಲಿಗೆ ಹೋದಾಗ ನನ್ನ ನಿಲಯ ನಿಂತಿತ್ತು. ರೇಡಿಯೊದ ಗುಂಡಿಯನ್ನು ಒಂದು ಸುತ್ತು ತಗ್ಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬೇರೆಯವರಿಗಾದರೆ ಅದೇ ಸಲಹೆ ಕೊಡುತ್ತಿದ್ದೆ.

ಎದ್ದು ನಿಂತೆ. ಹತ್ತು ನಿಮಿಷ ಬೇಕಾಗಲಿಲ್ಲ. ಎರಡು ವಾಕ್ಯ ಸಾಕಾಯಿತು. ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಕೋಣೆಯ ಗೋಡೆಗೆ ಅಂಟಿಸಿದ್ದ ಪೆರುವಿನ ಕಾರ್ಡು ಅಲ್ಲಿಂದ ನನ್ನನ್ನೇ ನೋಡುತ್ತಿತ್ತು, ಕುರಿ ಸಮೇತ.

“ಹಿಂತೆಗೆದುಕೊಳ್ಳೋದು ಯಾಕೆ?” ಎಂದರು ಕುಲುಮೆ ಅಜ್ಜ. ಅವರ ಮುಖದಲ್ಲಿ ನಗು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ನಿಯಮ ನಿನ್ನದೇ. ರೆಕಾರ್ಡಿಂಗ್ ಇದೆ. ಇನ್ನು ಧ್ವನಿ ಹೊರಡಿಸಿದವರ ಲಿಖಿತ ದೃಢೀಕರಣ ಬಂದರೆ ಪುಸ್ತಕಕ್ಕೆ ಹೋಗುತ್ತದೆ. ಬರಿ.”

ಕಾರ್ಯದರ್ಶಿ “ಯಾ” ಎಂದರು. ಎಲ್ಲರೂ “ಯಾ” ಎಂದರು. ಪ್ರತಿಯಾಗಿ ಬೇಡ ಎನ್ನಲು ನನಗೂ ಆಗಲಿಲ್ಲ. ಇಷ್ಟು ವರ್ಷ ಇಲ್ಲಿದ್ದು ಬೇಡ ಎನ್ನುವುದನ್ನೇ ಮರೆತಿದ್ದೆ.

ಹೀಗೆ ನಾನು ಹೆಣ್ಣು ಕೊಟ್ಟ ಅತ್ತೆಗೆ, ದಿನಾಂಕ, ಸಮಯ, ಧ್ವನಿಯ ಗುಣಮಟ್ಟ ಸಮೇತ, ‘ತಮ್ಮ ಕುಕ್ಕರ್ ಮೂರು ಸಲ ಕೂಗಿದ್ದು ಕೇಳಿಸಿತು, ದಯವಿಟ್ಟು ದೃಢೀಕರಿಸಿ’ ಎಂದು ಪತ್ರ ಬರೆದೆ. ನಿಲಯಕ್ಕೂ ಒಂದು ಕ್ಷಮಾಪಣೆ ಬರೆದೆ, ಅದು ಸುಲಭವಾಗಿತ್ತು.

ಐದು ವಾರಕ್ಕೆ ಉತ್ತರ ಬಂತು. ನನ್ನ ಪತ್ರವೇ ವಾಪಸು ಬಂದಿತ್ತು, ಕೆಂಪು ಶಾಯಿಯಲ್ಲಿ ತಿದ್ದಿ. ಹಿಂಬದಿಯಲ್ಲಿ ಅವರ ದುಂಡನೆಯ ಅಕ್ಷರ. ಮುಂದಿನ ಸಭೆಗೆ ಮಗಳೂ ಬಂದಳು. ಅಲ್ಲಿ ನಾನೇ ನಿಂತು, ಸಾಲು ಸಾಲಾಗಿ ಸ್ವೀಡಿಷ್‌ಗೆ ತಿರುಗಿಸಿ ಓದಬೇಕಾಯಿತು.

‘ಚಿರಂಜೀವಿ ಅಳಿಯಂದಿರಿಗೆ ಆಶೀರ್ವಾದಗಳು. ಸದರಿ ದಿನ ಸಂಜೆ ನಮ್ಮ ಅಡುಗೆಮನೆಯಿಂದ ಹೊರಟ ಸದ್ದು ನಿಮಗೆ ತಲುಪಿದ್ದು ನಿಜ. ನಿಲಯದ ಹೆಸರು ಸರಿ. ಮೂರು ಕೂಗು ಎಂದು ಬರೆದಿದ್ದೀರಿ, ತಪ್ಪು. ಬೇಳೆಗೆ ನಾನು ನಾಲ್ಕು ಕೂಗಿಸುತ್ತೇನೆ. ಒಂದನ್ನು ನೀವು ಕೇಳಿಸಿಕೊಂಡಿಲ್ಲ. ಕೊನೆಯಲ್ಲಿದ್ದದ್ದು ನಾಟಕವಲ್ಲ, ನಾನು; ಒಗ್ಗರಣೆ ಸೀದಿತ್ತು. ಇಷ್ಟು ಕಷ್ಟಪಟ್ಟು ಗೋಡೆಯ ಆಚೆಯಿಂದ ನನ್ನನ್ನು ಕೇಳಬೇಕಾಗಿಲ್ಲ. ಭಾನುವಾರ ಎದುರಿಗೆ ಬಂದು ಕೂತರೆ ಎಷ್ಟು ಕೂಗು ಬೇಕಾದರೂ ಕೇಳಿಸುತ್ತೇನೆ. ಚಳಿ ಎಷ್ಟಿದೆ?’

ಯಾರೂ ನಗಲಿಲ್ಲ. ಕಾರ್ಯದರ್ಶಿ ಮಾತ್ರ ಒಂದು ಸಲ ಮೂಗು ಒರೆಸಿಕೊಂಡರು. ಕುಲುಮೆ ಅಜ್ಜ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪೆರುವಿನ ಪಕ್ಕದಲ್ಲಿ ಗೋಡೆಗೆ ಅಂಟಿಸಿದರು. ಆಮೇಲೆ ಪುಸ್ತಕ ತೆರೆದರು. ಅದರಲ್ಲಿ ಪ್ರತಿ ನಿಲಯಕ್ಕೂ ಒಂದೊಂದು ಸಾಲು: ದೇಶ, ಊರು, ಪ್ರಸಾರದ ಶಕ್ತಿ, ಷರಾ.

ದೇಶ, ಊರು ಬರೆದಾದ ಮೇಲೆ ಪೆನ್ನು ನಿಂತಿತು. ಪ್ರಸಾರದ ಶಕ್ತಿ ಎಷ್ಟೆಂದು ಪತ್ರದಲ್ಲಿ ಇರಲಿಲ್ಲ. ನನ್ನನ್ನು ಬಿಟ್ಟು, ನಂಬಬಹುದಾದ ಸಾಕ್ಷಿಯ ಕಡೆ ತಿರುಗಿದರು. ಮಗಳು ಬನ್ನು ಕೆಳಗಿಟ್ಟು ಕೈ ಅಗಲಿಸಿ ಅಜ್ಜಿಯ ಕುಕ್ಕರಿನ ಅಳತೆ ತೋರಿಸಿದಳು.

ಅಜ್ಜ ಬರೆದರು: ‘ಐದು ಲೀಟರ್.’